ಐದನೆಯ ಬೆರಳು

ಯಾರೂ ಆಡದ ಮಾತೊಂದನ್ನು ನಾನು ಒಮ್ಮೆ ಅನುವಾದ ಮಾಡಿದ್ದೇನೆ. ಅದನ್ನು ಬರೆಯಲು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಪೆನ್ನು ಸರಿಯಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿದಂತೆ ಕಾಣುವುದಿಲ್ಲ. ಹಾಗಾಗಿ ನಿಧಾನವಾಗಿ, ಗೊತ್ತಿರುವುದನ್ನು ಗೊತ್ತಿದೆಯೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಬರೆಯುತ್ತೇನೆ.

ನಾನು ಹಿಂದಿ ಮೇಷ್ಟ್ರಾಗಿದ್ದವನು. ಸೇವೆಯಲ್ಲಿದ್ದಷ್ಟು ಕಾಲ ರಾಜಕೀಯದ ವೇದಿಕೆ ಹತ್ತುವಂತಿರಲಿಲ್ಲ. ನಿವೃತ್ತನಾದ ವರ್ಷವೇ ಚುನಾವಣೆ ಬಂತು. ಉತ್ತರದಿಂದ ಬಂದ ನಾಯಕರೊಬ್ಬರ ಭಾಷಣವನ್ನು ಕನ್ನಡದಲ್ಲಿ ಹೇಳಬೇಕಾಗಿದ್ದವರ ಗಂಟಲು ಕಟ್ಟಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಪಕ್ಷದಲ್ಲಿದ್ದ. ಮನೆಗೆ ಬಂದು ಕರೆದುಕೊಂಡು ಹೋದ. ಅವತ್ತಿನಿಂದ ಮೈಸೂರಿಗೆ ಯಾವ ಪಕ್ಷದ ಹಿಂದಿ ನಾಯಕರು ಬಂದರೂ ಅವರ ಎಡಗಡೆ, ಒಂದು ಹೆಜ್ಜೆ ಹಿಂದೆ, ಎರಡನೆಯ ಮೈಕಿನ ಮುಂದೆ ನಾನೇ. ಯಾವ ಪಕ್ಷವೂ ಇದಕ್ಕೆ ಆಕ್ಷೇಪಿಸಲಿಲ್ಲ. ನನ್ನನ್ನು ಯಾರೂ ನೋಡುತ್ತಿರಲಿಲ್ಲ ಎಂಬುದೇ ಕಾರಣವಿರಬೇಕು. ಮರುದಿನದ ಪತ್ರಿಕೆಯ ಚಿತ್ರದಲ್ಲಿ ನನ್ನ ಅರ್ಧ ಭುಜ, ಕೆಲವು ಸಲ ಒಂದು ಕಿವಿ ಬಂದಿರುತ್ತಿತ್ತು.

ಈ ಕೆಲಸಕ್ಕೆ ಒಂದು ರೀತಿಯಿದೆ. ನಾಯಕರು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಅನುವಾದಕ ಹೇಳಿ ಮುಗಿಸಿರಬೇಕು. ತಡವಾದರೆ ಚಪ್ಪಾಳೆ ತಣ್ಣಗಾಗುತ್ತದೆ, ನಾಯಕರು ಹಿಂದಕ್ಕೆ ತಿರುಗಿ ನೋಡುತ್ತಾರೆ. ಅದಕ್ಕೇ ಅವರು ಮುಗಿಸುವ ಮೊದಲೇ ನಾವು ಶುರು ಮಾಡಬೇಕು. ಇದು ಕಷ್ಟವೇನಲ್ಲ. ಭಾಷಣದ ದಾರಿ ಸಿಟಿ ಬಸ್ಸಿನ ದಾರಿಯಂತೆ ಗೊತ್ತುಪಡಿಸಿದ್ದು. ಮೊದಲು ಚೀಟಿ ನೋಡಿಕೊಂಡು ಕನ್ನಡದಲ್ಲಿ ನಮಸ್ಕಾರ, ಆಮೇಲೆ ಬೆಟ್ಟದ ತಾಯಿ, ಆಮೇಲೆ ರೇಷ್ಮೆ ಸೀರೆ ಮತ್ತು ಮೈಸೂರು ಪಾಕು, ಆಮೇಲೆ ಎದುರು ಪಕ್ಷ, ಆಮೇಲೆ ಯುವಕರು ಮತ್ತು ತಾಯಂದಿರು. ಕೊನೆಗೆ, ತಪ್ಪದೆ, "ಈ ಚುನಾವಣೆ ದೇಶದ ಇತಿಹಾಸದ ಮಹತ್ವದ ತಿರುವು." ಈ ವಾಕ್ಯವನ್ನು ನಾನು ಮೂರು ಪಕ್ಷಗಳಿಗಾಗಿ ಹೇಳಿದ್ದೇನೆ. ಒಂದು ಸಲ ಒಂದೇ ವಾರದಲ್ಲಿ, ಒಂದೇ ಮೈದಾನದಲ್ಲಿ, ಎರಡು ವಿರುದ್ಧ ದಿಕ್ಕಿಗೆ ಹೇಳಿದ್ದೇನೆ. ಎರಡು ಸಲವೂ ಒಂದೇ ಸಮ ಚಪ್ಪಾಳೆ ಬಿತ್ತು. ಬಂದಿದ್ದವರು ಬೇರೆ ಬೇರೆ ಜನವೋ ಅದೇ ಜನವೋ ನನಗೆ ಗೊತ್ತಿಲ್ಲ.

"ಅದೇನ್ರೀ, ಐದು ವರ್ಷಕ್ಕೊಂದ್ಸಲ ತಿರುಗುತ್ತೆ, ನೋಡಿದ್ರೆ ಇದ್ದಲ್ಲೇ ಇರುತ್ತೆ," ಎನ್ನುತ್ತಿದ್ದಳು ಹೆಂಡತಿ, ಟಿ.ವಿ.ಯಲ್ಲಿ ನನ್ನ ಭುಜ ನೋಡುತ್ತ.

ಇನ್ನೊಂದು ರೀತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ರೂಢಿಸಿಕೊಂಡಿದ್ದೆ. ಮೈದಾನದಲ್ಲಿ ಅಂಕಿ ದುಂಡಗಿರಬೇಕು. ನಾಯಕರು ಹದಿನೇಳು ಎಂದರೆ ನಾನು ಇಪ್ಪತ್ತರ ಹತ್ತಿರ ಎನ್ನುತ್ತಿದ್ದೆ. ಹದಿನೇಳಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಪ್ಪತ್ತಕ್ಕೆ ತಟ್ಟುತ್ತಾರೆ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ತಿಳಿದಿದ್ದೆ.

ಸರಸ್ವತಿಪುರಂನ ನಮ್ಮ ರಸ್ತೆಯ ಕೊನೆಯಲ್ಲಿ, ಟ್ಯುಟೋರಿಯಲ್‌ಗಳ ಬೋರ್ಡುಗಳ ಕೆಳಗೆ, ಒಂದು ತಿಂಡಿ ಗಾಡಿ ನಿಲ್ಲುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ನಾನು ಇಡ್ಲಿ ತಿನ್ನುವುದು ಅಲ್ಲೇ. ಗಾಡಿಯವರನ್ನು ಎಲ್ಲರೂ ಗಾಡಿಯಮ್ಮ ಎನ್ನುತ್ತಾರೆ. ನಂಜನಗೂಡಿನ ಕಡೆಯ ಹಳ್ಳಿಯವರು. ಬನ್ನಿಮಂಟಪದ ಆಚೆ, ಸರ್ಕಾರಿ ಖರಾಬು ಜಾಗದ ಮೇಲಿನ ಸಾಲುಮನೆಗಳಲ್ಲಿ ಅವರದೂ ಒಂದು. ಗಾರೆ ಕೆಲಸದ ಗಂಡ ತನ್ನ ಕೈಯಾರೆ ಕಟ್ಟಿದ ಮನೆ. ಆತ ತೀರಿಕೊಂಡು ಬಹಳ ಕಾಲವಾಯಿತು. ಆ ಮನೆಗೆ ಕಾಲಿಟ್ಟ ದಿನವನ್ನು ಗಾಡಿಯಮ್ಮ ಮರೆಯುವಂತಿಲ್ಲ. ಅವತ್ತು ದಸರೆಯ ಪಂಜಿನ ಕವಾಯತು.

"ಸೂರಿನ್ನೂ ಆಕಿರ್ಲಿಲ್ಲ ಮೇಷ್ಟ್ರೇ. ಬಾಣಬಿರುಸೆಲ್ಲ ಮನೆ ಒಳಗ್ ಕೂತೇ ನೋಡ್ದೋ. ಮಾರಾಜ್ರಿಗೂ ಅಂಗ್ ಕಂಡಿರಾಕಿಲ್ಲ."

ನಾನು ಹೇಳುತ್ತಿರುವ ಆ ಚುನಾವಣೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಬಾಗಿಲಿಗೆ ಅಂಟಿಸಿದ್ದನ್ನು ಹುಷಾರಾಗಿ ಬಿಡಿಸಿ ತಂದಿದ್ದರು.

"ಓದಿ ಮೇಷ್ಟ್ರೇ. ನಿಧಾನಕ್ಕೆ ಓದಿ."

ಓದಿದೆ. ಏಳು ದಿನಗಳೊಳಗಾಗಿ ಜಾಗವನ್ನು ತೆರವು ಮಾಡತಕ್ಕದ್ದು.

"ಇನ್ನೊಂದ್ ಸಲ ಓದಿ."

ಮತ್ತೆ ಓದಿದೆ.

"ಎಂಗೋದಿದ್ರೂ ಏಳೇ ಬತ್ತದಲ್ಲ," ಎಂದು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು.

ಅಂದೇ ಅವರ ಪರವಾಗಿ ಒಂದು ಅರ್ಜಿ ಬರೆದೆ. ಗಾಡಿಯ ಪಕ್ಕದ ಕಟ್ಟೆಯ ಮೇಲೆ ಕುಳಿತು, ಅವರ ಮೊದಲ ಕರೆಂಟ್ ಬಿಲ್ಲು ಮುಂದಿಟ್ಟುಕೊಂಡು, "ಇಪ್ಪತ್ತಾರು ವರ್ಷಗಳಿಂದ ವಾಸವಾಗಿರುತ್ತೇನೆ" ಎಂದು ಬರೆದೆ.

"ಸುಮಾರು ಮೂವತ್ತು ಅಂತ ಆಕ್ಬುಡಿ ಮೇಷ್ಟ್ರೇ. ತೂಕ ಬತ್ತದೆ."

"ಬೇಡ ಕಣಮ್ಮ. ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು," ಎಂದೆ. ಇಪ್ಪತ್ತಾರು ಹಾಗೇ ಉಳಿಯಿತು. ಈ ಮಾತುಕತೆಯನ್ನು ನಾನು ಅಕ್ಷರಶಃ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ.

ಕಾಗದ ಮಡಿಸುತ್ತ ಅವರು ಕೇಳಿದರು: "ನಾಳಿದ್ದು ಆ ದೊಡ್ಡೋರ ಪಕ್ಕದಲ್ಲೇ ನಿಂತ್ಕೋತೀರಂತಲ್ಲ. ನಮ್ ವಿಚಾರ ಒಂದ್ಮಾತು ಅವ್ರ ಕಿವಿಗ್ ಆಕ್ಬುಡಿ."

"ನಾನು ಅವರಿಗೆ ಹೇಳೋನಲ್ಲ ಕಣಮ್ಮ. ಅವರು ಹೇಳಿದ್ದನ್ನ ನಿಮಗೆ ಹೇಳೋನು."

"ಅಂಗಾದ್ರೆ ಮೈಕೂ ನೀವೂ ಒಂದೇ ಅನ್ನಿ."

ನಾನು ನಕ್ಕೆ. ಅವರು ನಗಲಿಲ್ಲ.

ಸಭೆ ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಊರಿನ ಒಂದು ದೊಡ್ಡ ಮೈದಾನದಲ್ಲಿ. ಬಂದಿದ್ದವರು ದೇಶವೇ ಎದುರು ನೋಡುವ ನಾಯಕರು. ಪಕ್ಷದ ಸ್ಥಳೀಯ ಮುಖಂಡರು ಬೆಳಿಗ್ಗೆಯೇ ನನಗೊಂದು ಪಟ್ಟಿ ಕಳಿಸಿದ್ದರು. ನಾಯಕರು ಐದು ಭರವಸೆ ಕೊಡುತ್ತಾರೆ. ನಾಲ್ಕು ಇಂತಿಂಥವು: ರಸ್ತೆ, ಆಸ್ಪತ್ರೆ, ಕಾಲೇಜು, ಕುಡಿಯುವ ನೀರು. ಐದರ ಮುಂದೆ ಜಾಗ ಖಾಲಿ ಇತ್ತು. ಫೋನು ಮಾಡಿ ಕೇಳಿದೆ.

"ಐದನೇದು ಸರ್‌ಪ್ರೈಸ್ ಮೇಷ್ಟ್ರೇ. ಅವರೇ ತರ್ತಾರೆ. ನಮಗೂ ಹೇಳಿಲ್ಲ," ಎಂದರು ಮುಖಂಡರು. "ನೀವು ಸಿದ್ಧವಾಗಿರಿ ಅಷ್ಟೆ. ಅದು ಬಿದ್ದ ತಕ್ಷಣ ಚಪ್ಪಾಳೆ ಬೀಳಬೇಕು."

ಭಾಷಣ ಗೊತ್ತಿದ್ದ ದಾರಿಯಲ್ಲೇ ಹೋಯಿತು. ತಿರುವೂ ಬಂತು. ಆಮೇಲೆ ನಾಯಕರು ಬಲಗೈ ಎತ್ತಿ ಬೆರಳು ಬಿಡಿಸತೊಡಗಿದರು. ಒಂದು, ರಸ್ತೆ. ಎರಡು, ಆಸ್ಪತ್ರೆ. ಮೂರು. ನಾಲ್ಕು. ಐದನೆಯ ಬೆರಳು ಬಿಡಿಸಿ "ಔರ್ ಪಾಂಚ್ವಾ" ಎಂದರು. ಮೈದಾನದ ಧೂಳು ಗಂಟಲಿಗೆ ಹೋಗಿರಬೇಕು, ಕೆಮ್ಮು ಬಂತು. ಎಡಗೈಯಲ್ಲಿ ನೀರಿನ ಲೋಟ ತೆಗೆದುಕೊಂಡರು. ಬಲಗೈ ಮೇಲೆಯೇ ಇತ್ತು, ಐದು ಬೆರಳೂ ಬಿಚ್ಚಿತ್ತು.

"ಮತ್ತೆ ಐದನೆಯದು," ಎಂದೆ ನಾನು.

ಅವರು ನೀರು ಕುಡಿಯುತ್ತಿದ್ದರು. ಇಡೀ ಮೈದಾನ ನನ್ನ ಬಾಯಿ ನೋಡುತ್ತಿತ್ತು. ಅಷ್ಟು ವರ್ಷಗಳಲ್ಲಿ ಜನ ನನ್ನನ್ನು ನೋಡಿದ್ದು ಅದೇ ಮೊದಲು. ಎರಡು ಕ್ಷಣ, ಬಹುಶಃ ಮೂರು. ಅನುವಾದಕನ ನಾಲಗೆಗೆ ಮೌನ ಗೊತ್ತಿಲ್ಲ. ಬಿದ್ದ ಸಂದನ್ನು ತುಂಬುವುದೇ ಅದರ ಅಭ್ಯಾಸ. ಮೈದಾನದ ಆ ತುದಿಯ ಲೌಡ್‌ಸ್ಪೀಕರಿನಿಂದ, ಸ್ವಲ್ಪ ತಡವಾಗಿ, ಬೇರೆ ಯಾರದೋ ಎಂಬಂತೆ, ನನ್ನ ದನಿ ನನಗೇ ಕೇಳಿಸಿತು:

"ಮೂವತ್ತು ವರ್ಷಗಳಿಂದ ಸರ್ಕಾರಿ ಜಾಗದಲ್ಲಿ ಸೂರು ಕಟ್ಟಿಕೊಂಡು ಬಾಳುತ್ತಿರುವ ಪ್ರತಿಯೊಂದು ಮನೆಗೂ ಹಕ್ಕುಪತ್ರ."

ಆಮೇಲೆ ಬಂದದ್ದನ್ನು ಚಪ್ಪಾಳೆ ಎಂದು ಕರೆಯಲಾರೆ. ಎಲ್ಲರೂ ಎದ್ದು ನಿಂತಿದ್ದರು. ನಾಯಕರು ಲೋಟ ಇಳಿಸಿ ಜನರನ್ನು ನೋಡಿದರು, ನನ್ನ ಕಡೆ ಬಗ್ಗಿ ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ನಾನು, "ಜನರಿಗೆ ಬಹಳ ಸಂತೋಷವಾಗಿದೆ," ಎಂದೆ. ಅದು ಸುಳ್ಳಾಗಿರಲಿಲ್ಲ. ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಐದು ಬೆರಳನ್ನು ಇನ್ನೊಮ್ಮೆ, ಇನ್ನೂ ಎತ್ತರಕ್ಕೆ ಎತ್ತಿದರು. ಘೋಷಣೆ ಕೂಗಿಸಿ ಭಾಷಣ ಮುಗಿಸಿದರು. ಅವರು ದೆಹಲಿಯಿಂದ ತಂದಿದ್ದ ಐದನೆಯ ಭರವಸೆ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಅದು ಬಂದ ಹಾಗೇ ವಾಪಸು ಹೋಯಿತು.

ಆ ಭಾಷಣದ ವಿಡಿಯೋ ಈಗಲೂ ಇದೆ. ಎಷ್ಟು ಸಲ ನೋಡಿದ್ದೇನೋ. ಆ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾ ಜನರ ಕಡೆ ತಿರುಗಿತ್ತು. ಎತ್ತಿದ ಕೈಗಳು, ನನ್ನ ದನಿ, ಮತ್ತೆ ನಾಯಕರ ಐದು ಬೆರಳು. ನೋಡಿದವರು ಯಾರೂ ಅನುಮಾನ ಪಡುವಂತಿಲ್ಲ. ನನಗೇ ಕೆಲವು ಸಲ ಅವರೇ ಹೇಳಿದ್ದರೇನೋ ಅನ್ನಿಸುತ್ತದೆ.

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದೇ. ಮುಖಂಡರ ಫೋನು ಬಂದಾಗ ಬೈಗುಳಕ್ಕೆ ಸಿದ್ಧನಾಗಿ ಕುಳಿತೆ.

"ಮೇಷ್ಟ್ರೇ, ಇದಪ್ಪಾ ಸರ್‌ಪ್ರೈಸ್ ಅಂದ್ರೆ. ನಾವು ಇಷ್ಟು ವರ್ಷದಿಂದ ಇಲ್ಲೇ ಓಡಾಡ್ಕೊಂಡಿದೀವಿ, ನಮಗೆ ಹೊಳೀಲಿಲ್ಲ. ಅವರು ಮೇಲಿಂದ ಬಂದು, ಇಳಿದು, ಒಂದೇ ಏಟಿಗೆ ಹೇಳ್ಬುಟ್ರು ನೋಡಿ. ದೊಡ್ಡೋರ ದೃಷ್ಟಿಯೇ ಬೇರೆ ಕಣ್ರೀ."

ನಾನು, "ಹೌದು," ಎಂದೆ. ಈ ಒಂದು ಪದಕ್ಕೆ ಯಾವ ನೆಪವೂ ಇಲ್ಲ. ಮೈದಾನದಲ್ಲಿ ಆಡಿದ್ದಕ್ಕೆ ಅಭ್ಯಾಸ ಕಾರಣ ಎನ್ನಬಹುದು, ಇದಕ್ಕೆ ಭಯವೇ ಕಾರಣ.

ಎದುರು ಪಕ್ಷದವರು ಎರಡೇ ದಿನದಲ್ಲಿ, ಇದು ತಮ್ಮ ಹಳೆಯ ಕನಸೆಂದೂ ಅದನ್ನು ಕದ್ದಿದ್ದಾರೆಂದೂ ಹೇಳಿದರು. ಕಾಗದದ ಏಳು ದಿನಗಳು ಕಳೆದವು, ಜೆಸಿಬಿ ಬರಲಿಲ್ಲ. ಅಷ್ಟು ದೊಡ್ಡವರು ಹೇಳಿದ ಮೇಲೆ ಆ ಸಾಲಿನ ಗೋಡೆ ಮುಟ್ಟುವ ಧೈರ್ಯ ಯಾವ ಅಧಿಕಾರಿಗೂ ಇರಲಿಲ್ಲ. ಗಾಡಿಯಮ್ಮ ನನ್ನ ತಟ್ಟೆಗೆ ಕೇಳದೆ ಎರಡು ವಡೆ ಹಾಕಿದರು.

"ನೋಡುದ್ರಾ, ನೀವ್ ಏಳಾಕಿಲ್ಲ ಅಂದ್ರಿ. ನಮ್ ಕಷ್ಟ ಅವ್ರಿಗೇ ಗೊತ್ತಾಯ್ತು. ಪುಣ್ಯಾತ್ಮ."

ವಡೆ ತಿಂದೆ. ಅವತ್ತಿನ ಬೆಳಿಗ್ಗೆ ನನಗೂ ಸಂತೋಷವೇ ಆಗಿತ್ತೆಂದು ಒಪ್ಪಿಕೊಳ್ಳಬೇಕು.

ನಿಜ ಗೊತ್ತಿದ್ದವನು ಒಬ್ಬನೇ. ಅದೇ ಸಾಲುಮನೆಯ ಒಬ್ಬ ಆಟೋ ಚಾಲಕ. ಮನೆಮಾತು ಉರ್ದು, ಹಿಂದಿ ಚೆನ್ನಾಗಿ ಬರುತ್ತದೆ. ಅವತ್ತು ವೇದಿಕೆಯ ಹತ್ತಿರವೇ ನಿಂತಿದ್ದನಂತೆ. ಒಂದು ದಿನ ನನ್ನನ್ನು ಆಟೋದಲ್ಲಿ ದಟ್ಟಗಳ್ಳಿಯ ನೆಂಟರ ಮನೆಗೆ ಕರೆದೊಯ್ಯುತ್ತ ಕನ್ನಡಿಯಲ್ಲಿ ನನ್ನನ್ನೇ ನೋಡಿ ಹೇಳಿದ: "ಸಾರ್, ಅವ್ರು ನೀರ್ ಕುಡೀತಿದ್ರು. ಮಾತಾಡ್ದೋರು ನೀವು."

"ಯಾರಿಗಾದರೂ ಹೇಳಿದೆಯಾ?"

"ನಾನ್ಯಾಕ್ ಹೇಳ್ಲಿ ಸಾರ್? ನಮ್ದು ಆ ಮನೇಲಿ ಮೂವತ್ನಾಲ್ಕು ವರ್ಷ ಆಯ್ತು," ಎಂದು ಗೇರು ಬದಲಿಸಿದ.

ನಾಯಕರ ಪಕ್ಷ ಗೆದ್ದಿತು. ಐದನೆಯ ಭರವಸೆ ಮೊದಲು ನಮ್ಮಲ್ಲಿ ಆದೇಶವಾಯಿತು, ಆಮೇಲೆ ಬೇರೆ ರಾಜ್ಯಗಳಿಗೂ ಹೋಯಿತು. ಅದಕ್ಕೊಂದು ಹೆಸರು, ಒಂದು ಲಾಂಛನ, ನಾಯಕರ ಅಂಗೈಯ ಚಿತ್ರ. ಮಿಕ್ಕ ನಾಲ್ಕು ಭರವಸೆಗಳ ಸುದ್ದಿ ಕೇಳಿಬರಲಿಲ್ಲ. ಅವನ್ನು ಅವರೇ ಹೇಳಿದ್ದರು. ಟಿ.ವಿ.ಯ ಸಂದರ್ಶನವೊಂದರಲ್ಲಿ ನಾಯಕರು ಈ ಯೋಚನೆ ತಮಗೆ ಹೇಗೆ ಬಂತೆಂದು ವಿವರಿಸಿದರು. ಬಹಳ ಹಿಂದೆ ಒಬ್ಬ ಮುದುಕಿಯ ಗುಡಿಸಲಿನಲ್ಲಿ ರೊಟ್ಟಿ ತಿಂದಿದ್ದರಂತೆ. ಆಕೆಯ ಕಣ್ಣೀರು ಇಷ್ಟು ವರ್ಷ ಅವರ ಒಳಗೇ ಇತ್ತಂತೆ. ಮೈಸೂರಿನ ಮಣ್ಣಿನಲ್ಲಿ ಮಾತಾಗಿ ಹೊರಬಂತಂತೆ. ಗಮನವಿಟ್ಟು ನೋಡಿದೆ. ಅವರು ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ನೆನಪಿದ್ದಿರಬಹುದು.

ಟ್ಯುಟೋರಿಯಲ್‌ಗೆ ಬರುವ ಹುಡುಗಿಯರು ಗಾಡಿಯ ಮುಂದೆ ಇಡ್ಲಿ ತಿನ್ನುತ್ತ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಒಬ್ಬಳು ಗೈಡು ತೆರೆದು ಕೇಳಿದಳು: "ಹಕ್ಕುಪತ್ರ ಯೋಜನೆ ಮೊದಲು ಘೋಷಣೆ ಆಗಿದ್ದು ಎಲ್ಲಿ?"

"ಮೈಸೂರು."

"ಘೋಷಿಸಿದವರು? ಎ, ಬಿ, ಸಿ, ಡಿ."

"ಬಿ. ಲೇ, ಇದು ಎಲ್ರಿಗೂ ಗೊತ್ತು ಕಣೇ. ಬೇರೆ ಕೇಳು."

ಎ, ಸಿ, ಡಿಗಳಲ್ಲಿ ಯಾರಿದ್ದರೋ ನೋಡಬೇಕೆನಿಸಿತು. ನೋಡಲಿಲ್ಲ.

ಅಷ್ಟರಲ್ಲಿ ಆದೇಶದ ಪ್ರತಿ ಕೈಗೆ ಬಂದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ. "ಮೂವತ್ತು ವರ್ಷಗಳಿಗೆ ಕಡಿಮೆಯಿಲ್ಲದಂತೆ ವಾಸವಿರತಕ್ಕದ್ದು." ಆಗ ಗಾಡಿಯಮ್ಮನವರದು ಇಪ್ಪತ್ತೆಂಟು ನಡೆಯುತ್ತಿತ್ತು. ಆ ಸಾಲಿನಲ್ಲಿ ಮಿಕ್ಕವರೆಲ್ಲ ಅವರಿಗಿಂತ ಮೊದಲು ಬಂದವರು. ಇಡೀ ಸಾಲಿನಲ್ಲಿ ಷರತ್ತಿಗೆ ಹೊಂದದ ಮನೆ ಅದೊಂದೇ. ಹಕ್ಕುಪತ್ರಕ್ಕೆ ನೀವು ಹಾಕಿರುವ ಅರ್ಜಿಯನ್ನು ಏಕೆ ತಿರಸ್ಕರಿಸಬಾರದು ಎಂದು ಕೇಳುವ ಕಾಗದ ಅವರಿಗೆ ಬಂತು. ಅದಕ್ಕೆ ಆಧಾರ, ಅವರೇ ಹಿಂದೆ ಕೊಟ್ಟಿದ್ದ ಅರ್ಜಿ: ಇಪ್ಪತ್ತಾರು ವರ್ಷಗಳಿಂದ ವಾಸವಾಗಿರುತ್ತೇನೆ. ನನ್ನ ಅಕ್ಷರ ದುಂಡಗೆ, ಸ್ಪಷ್ಟವಾಗಿತ್ತು.

ಅರ್ಜಿಯಲ್ಲಿ ನಾನು ನಿಜ ಬರೆದಿದ್ದೆ, ಮೈದಾನದಲ್ಲಿ ಅಂಕಿಯನ್ನು ದುಂಡಗೆ ಮಾಡಿದ್ದೆ. ಎರಡೂ ಸೇರಿ ಒಂದೇ ಮನೆಯ ಮೇಲೆ ಬಿದ್ದವು.

ಅವತ್ತು ಗಾಡಿಯ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಎಲ್ಲವನ್ನೂ ಹೇಳಿದೆ. ನೀರಿನ ಲೋಟ, ಐದನೆಯ ಬೆರಳು, ಮೂವತ್ತು. ಗಾಡಿಯಮ್ಮ ಸೌಟು ಹಿಡಿದು ಕೇಳಿದರು.

"ನಾನ್ ಮೂವತ್ತು ಅಂತ ಬರೀರಿ ಅಂದಾಗ ಬರೀಲಿಲ್ಲ."

"ಇಲ್ಲ."

"ಅಲ್ಲಿ ಮಾತ್ರ ಮೂವತ್ತು ಅಂದ್ರಿ."

"ಬಾಯಿಗೆ ಬಂತು."

"ಐದು ಅಂದಿದ್ರೆ ನಿಮ್ ಗಂಟೇನ್ ಓಗ್ತಿತ್ತು ಮೇಷ್ಟ್ರೇ?"

ಐದು ವರ್ಷ ಎಂದಿದ್ದರೂ ಜನ ಎದ್ದು ನಿಲ್ಲುತ್ತಿದ್ದರು. ಬಹುಶಃ ಇನ್ನೂ ಹೆಚ್ಚು ಜನ.

ವಿಚಾರಣೆಯ ದಿನ ಅವರ ಜೊತೆ ಕಚೇರಿಗೆ ಹೋದೆ. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು, ಕುರ್ಚಿ ಹಾಕಿಸಿದರು. ನಾಯಕರು ಮೂವತ್ತು ವರ್ಷ ಎಂದು ಹೇಳಿರಲಿಲ್ಲ, ಅದು ನನ್ನ ಮಾತು ಎಂದೆ.

"ಮೇಷ್ಟ್ರೇ, ಅವತ್ತು ನಾನೂ ಡ್ಯೂಟಿ ಮೇಲೆ ಮೈದಾನದಲ್ಲೇ ಇದ್ದೆ. ಕಿವಿಯಾರೆ ಕೇಳಿದೀನಿ."

"ನೀವು ಕೇಳಿದ್ದು ನನ್ನ ದನಿ."

"ಯಾವಾಗ್ಲೂ ನಾವು ಕೇಳೋದು ನಿಮ್ಮ ದನೀನೇ ಅಲ್ವಾ? ನನಗೆ ಹಿಂದಿ ಬರಲ್ಲ."

"ಮೂವತ್ತು ಅಂತ ಮಾತ್ರ ಅಲ್ಲ. ಹಕ್ಕುಪತ್ರ ಅಂತಲೂ ಅವರು ಹೇಳಿರಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಗೋಡೆಯ ಪಕ್ಕ ಸೊಂಟದೆತ್ತರಕ್ಕೆ ಫೈಲುಗಳಿದ್ದವು. ಅವುಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಸರಿ. ಹೇಳಿರಲಿಲ್ಲ ಅಂತ ನೀವು ಬರೆದುಕೊಡಿ, ತಗೋತೀನಿ. ಇವಿಷ್ಟನ್ನೂ ಏನು ಮಾಡ್ಲಿ ಅಂತಲೂ ಅದರಲ್ಲೇ ಒಂದು ಸಾಲು ಬರೆದುಬಿಡಿ."

ಗಾಡಿಯಮ್ಮ ನನ್ನ ತೋಳು ಹಿಡಿದರು. "ಏಳಿ ಮೇಷ್ಟ್ರೇ. ಆ ಆಟೋದವನ ಸೂರು ಕೀಳ್ಸಿ ನಂಗೊಂದ್ ಸೂರು ಬ್ಯಾಡ."

ಎದ್ದೆ. ಅಧಿಕಾರಿಯೂ ಎದ್ದು, ಬಾಗಿಲವರೆಗೆ ಬಂದರು. "ಮುಂದಿನ ತಿಂಗಳು ದೆಹಲಿಯಿಂದ ಸಾಹೇಬರೇ ಹಕ್ಕುಪತ್ರ ಹಂಚೋಕೆ ಬರ್ತಿದಾರೆ. ಅಲ್ಲೀವರೆಗೂ ಯಾವುದನ್ನೂ ತಿರಸ್ಕರಿಸಬೇಡಿ ಅಂತ ಮೇಲಿಂದ ಹೇಳಿದಾರೆ. ಸಮಾರಂಭ ಮುಗೀಲಿ," ಎಂದರು.

ಸಮಾರಂಭಕ್ಕೆ ಅನುವಾದಕ ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಮುಖಂಡರು ಮನೆಗೇ ಬಂದು, "ಅವತ್ತಿನ ಬಾಯಿಗುಣ ಮೇಷ್ಟ್ರೇ, ನೀವೇ ಆಗಬೇಕು," ಎಂದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ನಾಯಕರು ನನ್ನನ್ನು ಗುರುತಿಸಿದರು. ಹೆಗಲ ಮೇಲೆ ಕೈಯಿಟ್ಟು, ಅವತ್ತು ನೀವು ಬಹಳ ಒಳ್ಳೆಯ ಅನುವಾದ ಮಾಡಿದಿರಿ ಎಂದು ಹಿಂದಿಯಲ್ಲಿ ಹೇಳಿದರು. ಅವರ ಕಣ್ಣನ್ನೇ ನೋಡಿದೆ. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಅವರ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಾತು ನನ್ನದಿರಬಹುದು, ಆದರೆ ಆ ಗದ್ದಲದಲ್ಲಿ ಬೆರಳುಗಳನ್ನು ಎರಡನೆಯ ಸಲ ಎತ್ತಿದವರು ಅವರು. ಏನೆಂದು ತಿಳಿಯದಿದ್ದರೂ ತನ್ನದೆಂದು ಒಪ್ಪಿಕೊಂಡರು. ನಾನು ಮಾತು ಆಡಿಯೂ ನನ್ನದೆಂದು ಒಪ್ಪಿಕೊಂಡಿರಲಿಲ್ಲ. ನಾಯಕರಿಗೂ ಅನುವಾದಕರಿಗೂ ಇರುವ ವ್ಯತ್ಯಾಸ ಇಷ್ಟೇ ಇರಬಹುದು.

ಭಾಷಣದ ನಡುವೆ ನಾಯಕರು ಕಾಗದ ನೋಡಿಕೊಂಡು, ತೀಸ್ ಸಾಲ್, ಮೂವತ್ತು ವರ್ಷಗಳಿಂದ ಬಾಳುತ್ತಿರುವ ಕುಟುಂಬಗಳು ಎಂದರು. ನನ್ನ ಮಾತು ದೆಹಲಿಗೆ ಹೋಗಿ, ಹಿಂದಿಯಾಗಿ, ಮತ್ತೆ ಅನುವಾದಕ್ಕೆಂದು ನನ್ನ ಮುಂದೆಯೇ ಬಂದು ನಿಂತಿತ್ತು. ಗಾಡಿಯಮ್ಮ ಎಂಟನೆಯದೋ ಒಂಬತ್ತನೆಯದೋ ಸಾಲಿನಲ್ಲಿ ಕುಳಿತಿದ್ದರು. ಈ ಸಲ ನಾಲಗೆ ಜಾರಲಿಲ್ಲ. ಪೂರ್ತಿ ಎಚ್ಚರದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ:

"ಇಪ್ಪತ್ತೈದು ವರ್ಷಗಳಿಂದ ಬಾಳುತ್ತಿರುವ ಪ್ರತಿಯೊಂದು ಕುಟುಂಬಕ್ಕೂ."

ಚಪ್ಪಾಳೆ ಬಿತ್ತು. ನಾಯಕರು ಕೈ ಎತ್ತಿದರು. ಆದರೆ ಈ ಸಲ ನೀರಿನ ಲೋಟ ಇರಲಿಲ್ಲ, ಮುಂದಿನ ಸಾಲಿನಲ್ಲಿ ಆದೇಶದ ಪ್ರತಿ ಹಿಡಿದ ಅಧಿಕಾರಿಗಳಿದ್ದರು, ತೀಸ್ ಎಂದರೆ ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ಪಕ್ಷದ ಹೇಳಿಕೆ ಬಂತು: ಅನುವಾದಕರ ಬಾಯ್ತಪ್ಪಿನಿಂದ ಗೊಂದಲ. ಇಷ್ಟು ವರ್ಷಗಳಲ್ಲಿ ನಾನು ಬೇಕೆಂದೇ ಆಡಿದ ಒಂದೇ ಒಂದು ಮಾತು ಬಾಯ್ತಪ್ಪು ಎಂದು ದಾಖಲಾಯಿತು. ಬಾಯಿತಪ್ಪಿ ಬಂದ ಮಾತು ಗೈಡಿನಲ್ಲಿದೆ.

ಆಮೇಲೆ ನನ್ನನ್ನು ಯಾರೂ ಕರೆದಿಲ್ಲ. ಈಗ ಒಬ್ಬರು ಚುರುಕಾದ ಹೆಣ್ಣುಮಗಳು ಆ ಕೆಲಸ ಮಾಡುತ್ತಾರೆ. ನಾಯಕರು ಮಾತು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ.

ಗಾಡಿಯಮ್ಮನವರ ಫೈಲಿನ ಗತಿ ಕೇಳಲು ಮತ್ತೆ ಕಚೇರಿಗೆ ಹೋದೆವು. ಅಧಿಕಾರಿ ಫೈಲು ತೆರೆದು ತೋರಿಸಿದರು. ವೇದಿಕೆಯಲ್ಲಿ ಇಪ್ಪತ್ತೈದು ಎಂದು ಸಾರ್ವಜನಿಕವಾಗಿ ಕೇಳಿಬಂದಿದೆ. ಆದೇಶದಲ್ಲಿ ಮೂವತ್ತು ಎಂದಿದೆ. ಪತ್ರಿಕೆಯಲ್ಲಿ ಬಂದದ್ದು ಪಕ್ಷದ ಹೇಳಿಕೆ, ಸರ್ಕಾರದ್ದಲ್ಲ. ಆದ್ದರಿಂದ ಮೇಲಿನವರಿಂದ ಸ್ಪಷ್ಟೀಕರಣ ಕೋರಿದೆ.

"ಎಷ್ಟು ದಿನ ಆಗಬಹುದು?" ಎಂದು ಕೇಳಿದೆ.

"ಅದನ್ನ ನಾನು ಹೇಳೋಕಾಗಲ್ಲ. ಆದರೆ ಇದನ್ನ ಓದಿ," ಎಂದು ಆದೇಶದ ಕೊನೆಯ ಪುಟದ ಒಂದು ಸಾಲಿನ ಕೆಳಗೆ ಬೆರಳಿಟ್ಟರು. ವಾಸದ ಅವಧಿಯನ್ನು ಅರ್ಜಿ ತೀರ್ಮಾನವಾಗುವ ದಿನಾಂಕಕ್ಕೆ ಲೆಕ್ಕ ಹಾಕತಕ್ಕದ್ದು. ಅರ್ಜಿ ಕೊಟ್ಟ ದಿನಕ್ಕಲ್ಲ, ತೀರ್ಮಾನದ ದಿನಕ್ಕೆ. ಯಾವ ಗುಮಾಸ್ತರು ಯಾವ ಮಧ್ಯಾಹ್ನ ಈ ಸಾಲನ್ನು ಹೀಗೆ ಬರೆದರೋ, ಅವರಿಗೆ ಯಾರೂ ಚಪ್ಪಾಳೆ ತಟ್ಟಿಲ್ಲ.

ಗಾಡಿಯಮ್ಮ ಬೆರಳು ಮಡಿಸಿ ಎಣಿಸಿದರು. "ಅಂದ್ರೆ ಇವ್ರು ಇನ್ನೆರಡು ವರ್ಸ ಸುಮ್ಕಿದ್ರೆ ಸಾಕು."

"ಸಾಕು," ಎಂದರು ಅಧಿಕಾರಿ, ಕಿಟಕಿಯ ಕಡೆ ನೋಡುತ್ತ.

ಅಂದಿನಿಂದ ನಾವಿಬ್ಬರೂ ಸರ್ಕಾರದ ನಿಧಾನವನ್ನು ನಂಬಿ ಬದುಕುತ್ತಿದ್ದೇವೆ. ಎರಡು ವರ್ಷದಲ್ಲಿ ಒಂದೂವರೆ ಕಳೆದಿದೆ. ಪಂಜಿನ ಕವಾಯತಿನ ದಿನಕ್ಕೆ ಮೂವತ್ತು ತುಂಬುತ್ತದೆ ಎಂದು ಅವರ ಲೆಕ್ಕ. ಬಾಣಬಿರುಸಿಗೆ ದಾಖಲೆಯಿಲ್ಲ, ಕರೆಂಟ್ ಬಿಲ್ಲಿಗೆ ಇದೆ, ಅದು ದಸರೆ ಕಳೆದ ಮೇಲಿನ ತಿಂಗಳಿನದು, ಹಾಗಾಗಿ ಇನ್ನೂ ಒಂದು ತಿಂಗಳು ಸೇರಿಸಿಕೊಳ್ಳಬೇಕು ಎಂದು ನಾನು ತಿದ್ದಿದೆ.

"ಈಗಲೂ ದುಂಡಗ್ ಮಾಡಾಕಿಲ್ಲ ನೀವು," ಎಂದರು.

ಕಳೆದ ವಾರ ಮುಖಂಡರು ಗಾಡಿಯ ಮುಂದೆ ಕಾರು ನಿಲ್ಲಿಸಿದರು. ಈ ಸಲ ನಗರಪಾಲಿಕೆಯ ಚುನಾವಣೆ ಹತ್ತಿರ ಬರುತ್ತಿದೆ. ಬಾಯ್ತಪ್ಪನ್ನು ಮರೆತಿದ್ದಾರೆ, ಅಥವಾ ಕ್ಷಮಿಸಿದ್ದಾರೆ.

"ಏನಮ್ಮಾ, ನಿಮ್ಮದೊಂದೇ ಮನೆ ಪೆಂಡಿಂಗ್ ಅಂತೆ? ನಮಗೆ ಕೆಟ್ಟ ಹೆಸರು. ಇವತ್ತೇ ಸಾಹೇಬರ ಕಡೆಯಿಂದ ಒಂದು ಫೋನ್ ಮಾಡಿಸ್ತೀನಿ. ಈ ವಾರದಲ್ಲೇ ಇತ್ಯರ್ಥ ಆಗೋಗ್ಲಿ," ಎಂದು ಮೊಬೈಲು ತೆಗೆದರು.

ಗಾಡಿಯಮ್ಮ ನನ್ನ ಮುಖ ನೋಡಿದರು. ಸೌಟಿನಿಂದ ಸಾಂಬಾರು ಒಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಬೇಡ ಬಿಡಿ," ಎಂದೆ ನಾನು.

"ಯಾಕ್ ಮೇಷ್ಟ್ರೇ?"

"ಅಂಥ ದೊಡ್ಡವರಿಗೆ ಇಷ್ಟು ಸಣ್ಣ ವಿಷಯಕ್ಕೆ ತೊಂದರೆ ಕೊಡಬಾರದು. ದೀಪಾವಳಿ ಕಳೀಲಿ."

ಮುಖಂಡರಿಗೆ ಈ ಮಾತು ಬಹಳ ಹಿಡಿಸಿತು. ನಿಮ್ಮಂಥ ತಾಳ್ಮೆ ಇರೋ ಜನ ಈಗ ಎಲ್ಲಿದಾರೆ ಎಂದು, ಎರಡು ಇಡ್ಲಿ ತಿಂದು, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೋದರು.

ಗಾಡಿಯಮ್ಮ ಒಲೆ ಒರೆಸಿದರು. "ಇದ್ ಯಾರ್ ಏಳಿದ್ ಮಾತು ಮೇಷ್ಟ್ರೇ? ಯಾರದನ್ನ ಅನುವಾದ ಮಾಡುದ್ರಿ?"

"ನಂದೇ," ಎಂದೆ.